ಕಿವಿ ಬಿಟ್ಟ ನಾದ

ಸಂತೆಯ ಗದ್ದಲದಲ್ಲಿ ಪಕ್ಕದವರ ಪಿಸುಮಾತು ತಮಗೆ ಕೇಳಿಸದು. ದೊಡ್ಡ ದನಿಯು ಸಣ್ಣ ದನಿಯನ್ನು, ಅದರಲ್ಲೂ ತನ್ನ ಸಮೀಪದ ಸ್ವರದ್ದನ್ನು, ಮುಚ್ಚಿಬಿಡುತ್ತದೆ. ಹೀಗೆ ಮುಚ್ಚಿಹೋಗುವುದನ್ನು ಒರಟಾಗಿ ಬರೆದರೂ, ಬಿಟ್ಟೇಬಿಟ್ಟರೂ ಕಿವಿಗೆ ತಿಳಿಯದೆಂಬ ನಂಬಿಕೆಯ ಮೇಲೆ ನಿಂತಿದೆ ಎಂಪಿ3 ಎಂಬ ಧ್ವನಿಸಂಕೋಚನ ವಿಧಾನ.

ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು ಬರೆದಿಡುತ್ತಾರೆ. ಎರಡು ವಾಹಿನಿ ಸೇರಿ ಸುಮಾರು 14 ಲಕ್ಷ ಬಿಟ್. ಎಂಪಿ3ಯಲ್ಲಿ ಬಹುಕಾಲ ರೂಢಿಯಲ್ಲಿದ್ದುದು 1,28,000, ಅಂದರೆ ಹನ್ನೊಂದರಲ್ಲೊಂದು ಪಾಲು. 2001ರ ಮೊದಲ ಐಪಾಡ್ ಸಾವಿರ ಹಾಡುಗಳನ್ನು ಜೇಬಿಗಿಳಿಸಿದ್ದು ಇಂಥ ಸಂಕೋಚನದ ಬಲದಿಂದಲೇ.

ಇದನ್ನು ಜರ್ಮನಿಯಲ್ಲಿ ರೂಪಿಸಿದವರಲ್ಲೊಬ್ಬರಾದ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬರ್ಗ್, ಸುಜಾನ್ ವೇಗಾ ಅವರು ವಾದ್ಯವಿಲ್ಲದೆ ಹಾಡಿದ 'ಟಾಮ್ಸ್ ಡೈನರ್' ಗೀತೆಯನ್ನು ಪರೀಕ್ಷೆಗೊಡ್ಡಿದಾಗ ಆ ಕಂಠ ವಿಕಾರವಾಗಿ ಕೇಳಿಸಿತಂತೆ. ತಪ್ಪು ಅಡಗಲು ಅಲ್ಲಿ ವಾದ್ಯದ ಮರೆಯಿರಲಿಲ್ಲ. ಅದನ್ನೇ ಮತ್ತೆ ಮತ್ತೆ ಕೇಳಿ ಅವರು ವಿಧಾನವನ್ನು ತಿದ್ದಿದರು.

ನನಗೆ ಆ ತಾಳ್ಮೆ ಇರಲಿಲ್ಲ. ತಾಯಿಯ ಹಾಡುಗಳ ಕ್ಯಾಸೆಟ್ಟನ್ನು ಗಣಕಯಂತ್ರಕ್ಕಿಳಿಸುವಾಗ ಜಾಗದ ಆಸೆಯಿಂದ 64,000ದ ಪ್ರಮಾಣವನ್ನು ಆರಿಸಿ, ಕ್ಯಾಸೆಟ್ಟನ್ನು ಎಸೆದೆ. ಪುಟ್ಟ ಸ್ಪೀಕರಿನಲ್ಲಿ ಕುಂದೇನೂ ತೋರಲಿಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡ ದಿನ ಶ್ರುತಿಪೆಟ್ಟಿಗೆಯ ನಾದ ನೀರಿನಡಿಯಿಂದ ಬಂದಂತಿತ್ತು. ಈಗ ಪ್ರಮಾಣವನ್ನು 3,20,000ಕ್ಕೆ ಏರಿಸಿದರೂ ಕಡತ ದೊಡ್ಡದಾದೀತು, ಹೋದದ್ದು ಬಾರದು. ಫ್ಲಾಕ್‌ನಂಥ ನಷ್ಟರಹಿತ ವಿಧಾನದಲ್ಲಿ ಹೆಚ್ಚುಕಡಿಮೆ ಅರ್ಧ ಜಾಗ ಉಳಿದರೂ ಒಂದು ಅಂಕಿಯೂ ಕಳೆಯದು. ಮೂಲವನ್ನು ಅದರಲ್ಲಿಟ್ಟು, ಜೇಬಿನ ಯಂತ್ರಕ್ಕೆ ಮಾತ್ರ ಕಿರಿದಾದ ಪ್ರತಿ ಮಾಡಿಕೊಳ್ಳಬಹುದಿತ್ತು. ಚರಣದ ಮುನ್ನ ಅಮ್ಮ ಉಸಿರೆಳೆದುಕೊಳ್ಳುತ್ತಿದ್ದ ಸದ್ದು ಆ ಕ್ಯಾಸೆಟ್ಟಿನಲ್ಲಿತ್ತು.