ಕೂರಿಗೆ ಹಿಡಿದವನ ಪ್ರಶ್ನೆ

ಮುಂಗಾರಿನ ಹದಮಳೆ ಬಿದ್ದೊಡನೆ ದೊಡ್ಡಬಳ್ಳಾಪುರ, ನೆಲಮಂಗಲ, ದೇವನಹಳ್ಳಿ, ಹೊಸಕೋಟೆಗಳ ಕೆಮ್ಮಣ್ಣಿನ ಹೊಲಗಳಲ್ಲಿ ರಾಗಿಯ ಬಿತ್ತನೆ ಮೊದಲಾಗುತ್ತದೆ. ಈಗ ಟ್ರ್ಯಾಕ್ಟರುಗಳು ಬಂದಿವೆ. ಆದರೂ ಕೂರಿಗೆಯ ನೆನಪು ಈ ನಾಡಿನಿಂದ ಅಳಿದಿಲ್ಲ. ಉತ್ತು, ಹರಗಿ, ಹದಗೊಳಿಸಿದ ನೆಲದಲ್ಲಿ ಎತ್ತುಗಳು ಕೂರಿಗೆಯನ್ನು ಎಳೆಯುತ್ತವೆ. ಹಿಂದೆ ನಡೆಯುವವನ ಮುಷ್ಟಿಯಿಂದ ಜಾರಿದ ಕಾಳು ಬಿದಿರಿನ ಕೊಳವೆಗಳಲ್ಲಿ ಇಳಿದು ಸಾಲು ಸಾಲಾಗಿ ಮಣ್ಣು ಸೇರುತ್ತದೆ. ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಸಾಸಿವೆ. ಕಾಳು ಚೆಲ್ಲಿ ಬಿತ್ತುವವರೂ ಉಂಟು. ಆದರೆ ಚೆಲ್ಲುವುದು ಉತ್ತ ನೆಲದ ಮೇಲೆಯೇ ಹೊರತು ದಾರಿಯ ಮೇಲಲ್ಲ.

ಇಂತಹ ನೆಲದ ರೈತನೊಬ್ಬನು ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ಓದಿದನೆನ್ನಿ. ಅಲ್ಲಿ ಬಿತ್ತುವವನ ಸಾಮ್ಯವಿದೆ. ಅವನು ಬಿತ್ತಿದ ಬೀಜದಲ್ಲಿ ಕೆಲವು ದಾರಿಯ ಮಗ್ಗುಲಲ್ಲಿ ಬಿದ್ದು ಹಕ್ಕಿಗಳ ಪಾಲಾಗುತ್ತವೆ. ಕೆಲವು ಬಂಡೆಯ ಮೇಲಣ ತೆಳುಮಣ್ಣಿನಲ್ಲಿ, ಕೆಲವು ಮುಳ್ಳುಗಿಡಗಳ ನಡುವೆ. ಕೂರಿಗೆ ಹಿಡಿದ ಕೈಗೆ ಸಹಜವಾಗಿ ತೋರುವ ಮೊದಲ ಪ್ರಶ್ನೆ ಇದು: ‘ಇವನೆಂತಹ ಬೇಸಾಯಗಾರ? ಬಿತ್ತನೆಯ ಬೀಜವನ್ನು ಬಂಡೆಯ ಮೇಲೆ ಎಸೆಯುವವನು ಮನೆಯಲ್ಲಿ ಹಗೇವಿನ ಬೀಗದ ಕೈ ಹಿಡಿಯಲು ಯೋಗ್ಯನೆ?’

ಇದು ಅಶ್ರದ್ಧೆಯ ಪ್ರಶ್ನೆಯಲ್ಲ. ‘ಧರ್ಮಗ್ರಂಥದಲ್ಲಿ ಹೀಗೆ ಕೇಳಬಾರದು’ ಎಂದು ಬಾಯಿ ಮುಚ್ಚಿಸಿದರೆ, ಆ ಕತೆಯನ್ನು ಮೊದಲು ಕೇಳಿದ ಗಲಿಲಾಯದ ರೈತರಿಗೆ ಅದು ಹೇಗೆ ಕೇಳಿಸಿತೆಂಬುದನ್ನು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಜರ್ಮನ್ ವಿದ್ವಾಂಸ ಯೋಆಖಿಮ್ ಯೆರೆಮಿಯಾಸ್ ಸಾಮ್ಯಗಳನ್ನು ಕುರಿತು 1947ರಲ್ಲಿ ಹೊರತಂದ ಗ್ರಂಥದಲ್ಲಿ ಇದಕ್ಕೆ ಉತ್ತರ ಕೊಟ್ಟರು: ಆ ಕಾಲದ ಪ್ಯಾಲೆಸ್ಟೈನಿನಲ್ಲಿ ಮೊದಲು ಬಿತ್ತಿ ಆಮೇಲೆ ಉಳುತ್ತಿದ್ದರು, ಊರಿನವರು ತುಳಿದು ಮಾಡಿದ ಕಾಲುದಾರಿಯೂ, ಒಣಗಿದ ಮುಳ್ಳುಗಿಡವೂ ಹೇಗೂ ನೇಗಿಲಿನಡಿ ಮಗುಚಿಹೋಗತಕ್ಕವು, ಬಂಡೆಯಾದರೋ ತೆಳುಮಣ್ಣಿನ ಕೆಳಗೆ ಅಡಗಿರುತ್ತಿತ್ತು. ಯೆಹೂದ್ಯರ ಮಿಶ್ನಾ ಗ್ರಂಥವು ಸಬ್ಬತ್ತಿನ ದಿನ ಮಾಡಬಾರದ 39 ಕೆಲಸಗಳನ್ನು ಎಣಿಸುವಾಗ ಬಿತ್ತುವುದನ್ನು ಮೊದಲು, ಉಳುವುದನ್ನು ಆಮೇಲೆ ಹೇಳುತ್ತದೆ. ಈ ವಾದವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಬಿತ್ತನೆಗೆ ಮುನ್ನವೂ ಒಮ್ಮೆ ಉಳುತ್ತಿದ್ದರೆಂಬುದು ಅವರ ಮಾತು. ಚರ್ಚೆ ಏನೇ ಇರಲಿ, ಕತೆಯ ರೈತನು ಪೆದ್ದನಲ್ಲವೆಂಬುದಕ್ಕೆ ಆಧಾರ ದೊರೆಯಿತು. ಪ್ರಶ್ನೆ ಕೇಳದಿದ್ದರೆ ಅದೂ ದೊರೆಯುತ್ತಿರಲಿಲ್ಲ.

ಸಾಮ್ಯದ ಕೊನೆಗೆ ಇನ್ನೊಂದು ತೊಡಕಿದೆ. ಒಳ್ಳೆಯ ನೆಲದಲ್ಲಿ ಬಿದ್ದ ಬೀಜವು ಮೂವತ್ತರಷ್ಟು, ಅರುವತ್ತರಷ್ಟು, ನೂರರಷ್ಟು ಫಲ ಕೊಟ್ಟಿತಂತೆ. ರಾಗಿಯ ನಾಡಿನಲ್ಲಿ ಇದನ್ನು ಕೇಳಿ ಯಾರೂ ಹುಬ್ಬೇರಿಸುವುದಿಲ್ಲ. ಒಂದು ಕಾಳಿನಿಂದೆದ್ದ ಪೈರು ತೆನೆಗಳಲ್ಲಿ ನೂರಾರು ಕಾಳುಗಳನ್ನು ಹೊತ್ತು ನಿಲ್ಲುವುದು ಇಲ್ಲಿ ಪ್ರತಿ ಸುಗ್ಗಿಯ ನೋಟ. ಆದರೆ ಗೋಧಿ, ಜವೆಗೋಧಿಗಳ ಆ ಪ್ರಾಚೀನ ದೇಶದಲ್ಲಿ ಹತ್ತುಮಡಿ ಬೆಳೆ ಬಂದರೆ ರೈತನು ತೃಪ್ತನಾಗುತ್ತಿದ್ದನೆಂಬುದು ಅನೇಕರ ಅಂದಾಜು. ನೂರು ಮಡಿಯೆಂದರೆ ದೈವಾನುಗ್ರಹದ ಮಾತು. ಇದಕ್ಕೆ ಸಾಕ್ಷಿ ಬೈಬಲಿನೊಳಗೇ ಉಂಟು: ಆದಿಕಾಂಡದ ಇಪ್ಪತ್ತಾರನೆಯ ಅಧ್ಯಾಯದಲ್ಲಿ ಇಸಾಕನಿಗೆ ನೂರರಷ್ಟು ಬೆಳೆಯಾದುದನ್ನು ದೇವರ ಆಶೀರ್ವಾದದ ಗುರುತೆಂದೇ ಹೇಳಿದೆ. ದೊಡ್ಡಬಳ್ಳಾಪುರದ ಓದುಗನು ಆ ಅಧ್ಯಾಯವನ್ನು ಈ ಅಧ್ಯಾಯದ ಪಕ್ಕದಲ್ಲಿಟ್ಟು ನೋಡದಿದ್ದರೆ, ಕತೆಯ ಬೆರಗೇ ಅವನ ಕೈಗೆ ಹತ್ತುವುದಿಲ್ಲ.

ಅದೇ ಅಧ್ಯಾಯದ ಸಾಸಿವೆಯ ಕಾಳಿನ ವಿಚಾರವೂ ಹೀಗೆಯೆ. ಭೂಮಿಯ ಮೇಲಣ ಎಲ್ಲ ಬೀಜಗಳಿಗಿಂತ ಅದು ಸಣ್ಣದೆಂದು ಅಲ್ಲಿ ಹೇಳಿದೆ. ರಾಗಿಯನ್ನೂ ಸಾಸಿವೆಯನ್ನೂ ಒಂದೇ ಅಂಗೈಯಲ್ಲಿ ಹಿಡಿದವನಿಗೆ ಅವೆರಡರ ಗಾತ್ರವೂ ಹೆಚ್ಚುಕಡಮೆ ಒಂದೇ ಎಂದು ಗೊತ್ತು. ಹೊಗೆಸೊಪ್ಪಿನ ಬೀಜವಂತೂ ಎರಡಕ್ಕಿಂತ ಕಿರಿದು. ಹಾಗಾದರೆ ಗ್ರಂಥ ಸುಳ್ಳೆ? ‘ಎಳ್ಳಷ್ಟೂ ಸಂದೇಹವಿಲ್ಲ’ ಎನ್ನುವ ಕನ್ನಡಿಗನು ತಕ್ಕಡಿಯಲ್ಲಿ ಎಳ್ಳು ತೂಗಿ ಮಾತನಾಡುವುದಿಲ್ಲವಷ್ಟೆ. ನುಡಿಗಟ್ಟನ್ನು ನುಡಿಗಟ್ಟೆಂದು ಗುರುತಿಸುವುದೂ ಬುದ್ಧಿಯ ಕೆಲಸವೇ. ಇದನ್ನು ಸಸ್ಯಶಾಸ್ತ್ರವೆಂದು ಸಾಧಿಸಹೊರಡುವ ಭಕ್ತನೂ, ಸಸ್ಯಶಾಸ್ತ್ರದಿಂದ ಖಂಡಿಸಹೊರಡುವ ವಿಮರ್ಶಕನೂ ಎಡವುವುದು ಒಂದೇ ಕಲ್ಲಿಗೆ.

ಕನ್ನಡದಲ್ಲಿ ಬೈಬಲನ್ನು ಓದುವವನಿಗೆ ಅವನ ನುಡಿಯೇ ಕೆಲವು ಬೀಗದ ಕೈಗಳನ್ನು ಕೊಟ್ಟಿದೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರ ವಿಲಿಯಂ ರೀವ್ ದುಡಿದುದರ ಫಲವಾಗಿ 1831ರ ವೇಳೆಗೆ ಇಡೀ ಗ್ರಂಥ ಕನ್ನಡಕ್ಕೆ ಬಂದಿತ್ತು. ಅದಾದ ಮೇಲೆ ಅನೇಕ ಪರಿಷ್ಕರಣಗಳು ನಡೆದುವು. ಬಹುಕಾಲ ಬಳಕೆಯಲ್ಲಿದ್ದ ಪಾಠದಲ್ಲಿ ಸೃಷ್ಟಿಯ ಮೊದಲ ವಾಕ್ಯದ ಕರ್ತೃಪದ ‘ದೇವರು’, ಬಹುವಚನ ರೂಪ, ಕ್ರಿಯಾಪದವಾದರೋ ಏಕವಚನ. ವಿಚಿತ್ರವೆಂದರೆ ಹೀಬ್ರೂ ಮೂಲದಲ್ಲಿಯೂ ಹಾಗೆಯೇ: ‘ಎಲೋಹೀಮ್’ ಎಂಬ ಬಹುವಚನ ರೂಪಕ್ಕೆ ಏಕವಚನದ ಕ್ರಿಯೆ. ಈ ಬಹುವಚನವೇ ತ್ರಯೈಕ್ಯ ಸಿದ್ಧಾಂತಕ್ಕೆ ಪ್ರಮಾಣವೆಂದು ವಾದಿಸುವ ಬೋಧಕರಿದ್ದಾರೆ. ವಾದ ಕೇಳಲು ಸೊಗಸು. ಆದರೆ ಅರಸುಗಳ ಮೊದಲನೆಯ ಪುಸ್ತಕದಲ್ಲಿ ಮೋವಾಬ್ಯರ ದೇವತೆಯಾದ ಕೆಮೋಷನಿಗೂ ಅದೇ ‘ಎಲೋಹೀಮ್’ ಪದವಿದೆ. ಕೆಮೋಷನೂ ತ್ರಯೈಕ್ಯನೆ? ಒಂದು ಕಡೆ ನಡೆಸಿದ ನಿಯಮವನ್ನು ಇನ್ನೊಂದು ಕಡೆ ಬಿಟ್ಟುಕೊಡುವುದಾದರೆ ಅದು ನಿಯಮವೇ ಅಲ್ಲ. ತ್ರಯೈಕ್ಯವನ್ನು ನಂಬುವವರು ಬೇರೆ ಆಧಾರಗಳನ್ನು ಕೊಡಲಿ. ಈ ಆಧಾರ ನಿಲ್ಲದು. ‘ದೇವರು ಕಣ್ಣು ಬಿಟ್ಟ’ ಎಂದು ದಿನಬೆಳಗಾದರೆ ಆಡುವ ಹಳ್ಳಿಯವನಿಗೆ ಇದನ್ನು ವಿವರಿಸಿ ಹೇಳಬೇಕಾದುದೇ ಇಲ್ಲ.

ಹೊಸಕೋಟೆ, ದೇವನಹಳ್ಳಿಗಳ ಕಡೆ ಮನೆಯಲ್ಲಿ ತೆಲುಗು ಆಡಿ ಕನ್ನಡ ಓದುವವರು ಅನೇಕರು. ಅವರಿಗೆ ಇನ್ನೊಂದು ಸೂಕ್ಷ್ಮ ಹೊಳೆಯಬಹುದು. ಕೇಳುವವನನ್ನು ಸೇರಿಸಿಕೊಂಡು ಹೇಳುವ ‘ಮನಮು’, ಅವನನ್ನು ಬಿಟ್ಟು ಹೇಳುವ ‘ಮೇಮು’ ಎಂದು ತೆಲುಗಿನಲ್ಲಿ ಎರಡುಂಟು. ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ. ಬಿರುಗಾಳಿಯಲ್ಲಿ ದೋಣಿ ಮುಳುಗುವ ಹೊತ್ತಿಗೆ ಶಿಷ್ಯರು ಯೇಸುವನ್ನು ಎಬ್ಬಿಸಿ ‘ನಾವು ಸಾಯುತ್ತೇವೆ’ ಎಂಬರ್ಥದ ಮಾತಾಡುತ್ತಾರೆ. ಆ ‘ನಾವು’ವಿನಲ್ಲಿ ಗುರುವೂ ಸೇರಿದ್ದನೆ? ಸೇರಿದ್ದರೆ ಅವನೂ ಮುಳುಗುವನೆಂದು ಅವರು ಹೆದರಿದರು. ಸೇರಿಲ್ಲದಿದ್ದರೆ ಅವನಿಗೆ ಸಾವಿಲ್ಲವೆಂದು ಆಗಲೇ ನಂಬಿದ್ದರು. ತೆಲುಗಿನ ಅನುವಾದಕನು ಇತ್ಯರ್ಥ ಮಾಡಲೇಬೇಕು. ಕನ್ನಡದವನು ಗ್ರೀಕ್ ಮೂಲದಂತೆಯೇ ಮೌನವಾಗಿರಬಲ್ಲ.

ಒಂದು ಸಣ್ಣ ಪದಕ್ಕಾಗಿ ಒಬ್ಬ ಪಾದ್ರಿಯ ಬಾಳೇ ತಿರುಗಿಹೋದುದುಂಟು. ಕಲ್ಕತ್ತೆಯಲ್ಲಿ ವಿಲಿಯಂ ಆಡಂ ಎಂಬ ಬ್ಯಾಪ್ಟಿಸ್ಟ್ ಪಾದ್ರಿಯೂ ವಿಲಿಯಂ ಯೇಟ್ಸರೂ ರಾಜಾ ರಾಮಮೋಹನ ರಾಯರೊಡನೆ ಕುಳಿತು ಸುವಾರ್ತೆಗಳನ್ನು ಬಂಗಾಳಿಗೆ ತರುತ್ತಿದ್ದರು. ಯೋಹಾನನ ಮೊದಲನೆಯ ಅಧ್ಯಾಯದಲ್ಲಿ, ಸಮಸ್ತವೂ ವಾಕ್ಯವೆಂಬಾತ‘ನಿಂದ’ ಆಯಿತೆ, ಅಥವಾ ಆತನ ‘ಮೂಲಕ’ ಆಯಿತೆ? ‘ದಿಯಾ’ ಎಂಬ ಗ್ರೀಕ್ ಅವ್ಯಯದ ಅರ್ಥವೇ ಜಗಳದ ಮೂಲ. ಕನ್ನಡದಲ್ಲಿ ಇದರ ಇಕ್ಕಟ್ಟು ಚೆನ್ನಾಗಿ ಕಾಣುತ್ತದೆ. ಕುಂಬಾರನಿಂದ ಮಡಕೆಯಾಯಿತು, ಮಣ್ಣಿನಿಂದ ಮಡಕೆಯಾಯಿತು, ತಿಗರಿಯಿಂದ ಮಡಕೆಯಾಯಿತು; ಮೂರಕ್ಕೂ ‘ಇಂದ’ ಸಲ್ಲುತ್ತದೆ. ‘ಮೂಲಕ’ ಎಂದೊಡನೆ ಮಾಡುವವನು ಹಿಂದೆ ಬೇರೊಬ್ಬನು ಇದ್ದಾನೆಂಬ ಧ್ವನಿ ಏಳುತ್ತದೆ. ‘ಮೂಲಕ’ವೇ ಸರಿಯೆಂದು ಒಪ್ಪಿದ ಆಡಂ, ತಮ್ಮ ಸಭೆಯ ಸಿದ್ಧಾಂತವನ್ನೇ ಮರುಪರಿಶೀಲಿಸಿ 1821ರಲ್ಲಿ ಏಕದೇವವಾದಿಯಾದರು. ಊರ ಆಂಗ್ಲರು ‘ಎರಡನೆಯ ಸಲ ಬಿದ್ದ ಆದಾಮ’ನೆಂದು ಗೇಲಿ ಮಾಡಿದರು. ಅದೇ ವರ್ಷಗಳಲ್ಲಿ ರಾಯರಿಗೂ ಶ್ರೀರಾಮಪುರದ ಜೋಶುವ ಮಾರ್ಷ್‌ಮನ್ನರಿಗೂ ಯೇಸುವಿನ ಉಪದೇಶಗಳನ್ನು ಕುರಿತು ದೀರ್ಘ ವಾಗ್ವಾದ ನಡೆಯಿತು. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಹೊರಟದ್ದೂ ಅದೇ ಶ್ರೀರಾಮಪುರದಿಂದ. ಸ್ವಾರಸ್ಯವೆಂದರೆ ಪ್ರಚಲಿತ ಕನ್ನಡ ಬೈಬಲಿನಲ್ಲಿಯೂ ಆ ವಾಕ್ಯದಲ್ಲಿರುವುದು ‘ಮೂಲಕ’ವೆ, ತ್ರಯೈಕ್ಯವನ್ನು ನಂಬುವವರೇ ಅದನ್ನು ಹಾಗೆ ತಿದ್ದಿಟ್ಟಿದ್ದಾರೆ. ಪದ ಒಂದೇ, ತೀರ್ಮಾನ ಎರಡು. ಪದವೊಂದೇ ತೀರ್ಮಾನವನ್ನು ಹೊರಲಾರದು.

ನಮ್ಮ ಮೀಮಾಂಸಕರು ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಲು ಆರು ಗುರುತುಗಳನ್ನು ಹೇಳಿದ್ದಾರೆ. ಉಪಕ್ರಮ-ಉಪಸಂಹಾರಗಳ ಹೊಂದಾಣಿಕೆಯಿಂದ ತೊಡಗಿ ಉಪಪತ್ತಿ, ಎಂದರೆ ಯುಕ್ತಿಯ ಬೆಂಬಲ, ಅವುಗಳಲ್ಲಿ ಕೊನೆಯದು. ಅಸ್ಪಷ್ಟವಾದ ವಾಕ್ಯವನ್ನು ಸ್ಪಷ್ಟವಾದ ವಾಕ್ಯದಿಂದ ಅರಿಯಬೇಕೆಂದು ಐದನೆಯ ಶತಮಾನದ ಸಂತ ಅಗಸ್ಟೀನನೂ ಕ್ರೈಸ್ತರಿಗೆ ಹೇಳಿದ್ದಾನೆ. ಪೂರ್ವದವರೂ ಪಶ್ಚಿಮದವರೂ ಹಿಡಿದದ್ದು ಒಂದೇ ದಾರಿ.

ಈ ದಾರಿ ತಪ್ಪಿದರೆ ನಷ್ಟ ಪಂಡಿತರಿಗೆ ಮಾತ್ರವಲ್ಲ. ಹೊಸ ವರ್ಷದ ರಾತ್ರಿ ಅನೇಕ ಸಭೆಗಳಲ್ಲಿ ವಾಗ್ದಾನದ ವಚನಗಳನ್ನು ಹಂಚುವ ವಾಡಿಕೆಯಿದೆ. ಯೆರೆಮೀಯನ ಇಪ್ಪತ್ತೊಂಬತ್ತನೆಯ ಅಧ್ಯಾಯದ ಹನ್ನೊಂದನೆಯ ವಚನ ಹಲವರಿಗೆ ಪ್ರಿಯ. ದೇವರ ಆಲೋಚನೆ ಅಹಿತದ್ದಲ್ಲ, ಹಿತದ್ದೇ ಎಂಬುದು ಅದರ ಸಾರ. ಮಗನಿಗೆ ಈ ವರ್ಷ ನೌಕರಿ ಖಂಡಿತವೆಂದು ತಾಯಿಯೊಬ್ಬಳು ಅದನ್ನು ಗೋಡೆಗೆ ಅಂಟಿಸುತ್ತಾಳೆ. ಹತ್ತನೆಯ ವಚನವನ್ನು ಯಾರೂ ಅಂಟಿಸುವುದಿಲ್ಲ. ಬಾಬೆಲಿನಲ್ಲಿ ಸೆರೆಯಾಗಿದ್ದವರಿಗೆ ಬಿಡುಗಡೆಯ ಮೊದಲು ಎಪ್ಪತ್ತು ವರ್ಷ ಕಳೆಯಬೇಕೆಂದು ಅಲ್ಲಿದೆ. ಪತ್ರವನ್ನು ಕೇಳಿದ ಮುದುಕರು ಆ ಹಿತವನ್ನು ಕಣ್ಣಾರೆ ಕಾಣುವಂತಿರಲಿಲ್ಲ. ವರ್ಷ ಕಳೆದು ನೌಕರಿ ದೊರೆಯದಾಗ, ಆ ತಾಯಿ ತನ್ನ ವಿಶ್ವಾಸದಲ್ಲಿಯೇ ಕೊರತೆಯೆಂದು ಕೊರಗುವಳು. ಕೊರತೆಯಿದ್ದುದು ಓದಿನಲ್ಲಿ.

ರೋಗದ ವಿಷಯದಲ್ಲಿ ಇದು ಪ್ರಾಣಾಂತಿಕವಾದೀತು. ಔಷಧ ಸೇವನೆಯೇ ಅವಿಶ್ವಾಸವೆಂದು ಸಾರುವ ಪಂಗಡಗಳು ಲೋಕದಲ್ಲಿವೆ. ಅವರು ಹಿಡಿಯುವುದು ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯ: ರೋಗಿಯು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂಬ ಮಾತು. ಸರಿ; ಆದರೆ ಆ ಕಾಲದಲ್ಲಿ ಎಣ್ಣೆಯೂ ಒಂದು ಮದ್ದಾಗಿತ್ತು. ಲೂಕನ ಸುವಾರ್ತೆಯ ಸಮಾರ್ಯದವನು ದಾರಿಯಲ್ಲಿ ಬಿದ್ದವನ ಗಾಯಕ್ಕೆ ಹೊಯ್ದದ್ದು ಎಣ್ಣೆಯನ್ನೂ ದ್ರಾಕ್ಷಾರಸವನ್ನೂ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿ ಲೂಕನನ್ನು ಪ್ರಿಯ ವೈದ್ಯನೆಂದು ಕರೆದಿದೆ. ತಿಮೊಥೆಯನ ಅಜೀರ್ಣಕ್ಕೆ ಸ್ವಲ್ಪ ದ್ರಾಕ್ಷಾರಸ ಕುಡಿಯೆಂದು ಮೊದಲನೆಯ ಪತ್ರಿಕೆ ಸಲಹೆ ಕೊಡುತ್ತದೆ. ತ್ರೊಫಿಮನನ್ನು ಅಸ್ವಸ್ಥನಾಗಿಯೇ ಮಿಲೇತದಲ್ಲಿ ಬಿಟ್ಟುಬಂದೆನೆಂದು ಎರಡನೆಯದು ತಿಳಿಸುತ್ತದೆ. ತ್ರೊಫಿಮನಿಗೆ ವಿಶ್ವಾಸವಿರಲಿಲ್ಲವೆಂದು ಅಲ್ಲಿ ಯಾರೂ ಹಳಿದಿಲ್ಲ. ಬೆಂಗಳೂರಿನಲ್ಲಿ 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ತೆರೆದ ಸಂನ್ಯಾಸಿನಿಯರು ಓದಿದ್ದೂ ಇದೇ ಗ್ರಂಥವನ್ನು.

ಹುಟ್ಟುಕುರುಡನನ್ನು ಕಂಡು ಶಿಷ್ಯರು ಕೇಳಿದ ಪ್ರಶ್ನೆ ಯೋಹಾನನ ಒಂಬತ್ತನೆಯ ಅಧ್ಯಾಯದಲ್ಲಿದೆ: ಪಾಪ ಮಾಡಿದವನು ಇವನೋ, ಇವನ ತಂದೆತಾಯಿಗಳೋ? ಕರ್ಮದ ಮಾತು ಕೇಳಿ ಬೆಳೆದ ಕನ್ನಡಿಗನಿಗೆ ಇದು ಪರಿಚಿತ ಪ್ರಶ್ನೆ. ಯೇಸು ಎರಡನ್ನೂ ಅಲ್ಲಗಳೆಯುತ್ತಾನೆ. ಅದನ್ನು ಓದಿದ ಮೇಲೆಯೂ ರೋಗಿಯ ಮಂಚದ ಬಳಿ ಕುಳಿತು ‘ಯಾವ ಗುಪ್ತಪಾಪ ಮಾಡಿದೆ?’ ಎಂದು ಕೆದಕುವವರು ಆ ಪುಟವನ್ನು ಹಾರಿಸಿ ಓದಿರಬೇಕು.

ಯೆಶಾಯನ ಮೂವತ್ತೆಂಟನೆಯ ಅಧ್ಯಾಯದಲ್ಲಿ ಹಿಜ್ಕೀಯನೆಂಬ ಅರಸನು ಹುಣ್ಣಿನಿಂದ ಸಾಯುವಂತಾಗುತ್ತಾನೆ. ಗೋಡೆಯ ಕಡೆ ಮುಖ ತಿರುಗಿಸಿ ಅಳುತ್ತಾ ಪ್ರಾರ್ಥಿಸುತ್ತಾನೆ. ಪ್ರಾರ್ಥನೆ ಫಲಿಸಿತು, ಹದಿನೈದು ವರ್ಷದ ಆಯುಷ್ಯ ದೊರೆಯಿತೆಂದು ಪ್ರವಾದಿಯೇ ಬಂದು ತಿಳಿಸುತ್ತಾನೆ. ಆಯುಷ್ಯದ ಮಾತು ಕೊಟ್ಟ ಅದೇ ಪ್ರವಾದಿ, ಅಂಜೂರದ ಹಣ್ಣಿನ ಉಂಡೆಯನ್ನು ತಂದು ಹುಣ್ಣಿನ ಮೇಲೆ ಕಟ್ಟಿರೆಂದೂ ಹೇಳುತ್ತಾನೆ.