ಕ್ರಿಯಾಟಿನಿನ್ ಇಳಿಯಿತು, ಕಾಲಿಗೆ ಬಲ ಬರಲಿಲ್ಲ

ಎಂಬತ್ತರ ಆಸುಪಾಸಿನ ಹಿರಿಯರೊಬ್ಬರಿಗೆ ಎರಡು ದಿನ ವಾಂತಿ-ಭೇದಿ ಆಗುತ್ತದೆ. ಆಸ್ಪತ್ರೆಗೆ ಸೇರಿಸಿದಾಗ ಕ್ರಿಯಾಟಿನಿನ್ 3 ದಾಟಿರುತ್ತದೆ. ಡ್ರಿಪ್ಸ್ ಹಾಕಿ, ಮೂತ್ರಕ್ಕೆ ಪೈಪ್ ಹಾಕಿ, ದಿನವೂ ರಕ್ತ ತೆಗೆದು ನೋಡುತ್ತಾರೆ. ವಾರ ಕಳೆಯುವಷ್ಟರಲ್ಲಿ ಅಂಕಿ 1.2ಕ್ಕೆ ಇಳಿಯುತ್ತದೆ. ‘ಕಿಡ್ನಿ ಸುಧಾರಿಸಿದೆ, ಕರ್ಕೊಂಡು ಹೋಗಬಹುದು’ ಎನ್ನುತ್ತಾರೆ ಡಾಕ್ಟರು. ಮಕ್ಕಳಿಗೆ ಸಮಾಧಾನ. ಆದರೆ ಬರುವಾಗ ಮಗಳ ಕೈ ಹಿಡಿದು ಆಟೊ ಹತ್ತಿದ್ದವರಿಗೆ ಹೋಗುವಾಗ ಮಂಚದಿಂದ ಇಳಿಯಲೂ ಇಬ್ಬರು ಬೇಕು. ಮನೆಗೆ ಹೋದ ಮೇಲೆ ಬಚ್ಚಲಿಗೆ ಒಬ್ಬರೇ ಹೋಗಲಾರರು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಸೋಡಿಯಂ, ಪೊಟ್ಯಾಶಿಯಂ ಎಲ್ಲವೂ ಇರುತ್ತದೆ. ಇದೊಂದು ಮಾತ್ರ ಇರುವುದಿಲ್ಲ.

ನಮ್ಮ ವಾರ್ಡುಗಳಲ್ಲಿ ಇದು ಎಷ್ಟು ಮಾಮೂಲಾಗಿದೆಯೆಂದರೆ ಯಾರೂ ಇದನ್ನು ಕಾಯಿಲೆಯ ಭಾಗ ಎಂದು ಎಣಿಸುವುದಿಲ್ಲ. ‘ವಯಸ್ಸಾಯ್ತಲ್ಲ’ ಎಂಬ ಒಂದು ಮಾತಿನಲ್ಲಿ ವಿಷಯ ಮುಗಿಯುತ್ತದೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ವಯಸ್ಸು ಒಂದು ವಾರದಲ್ಲಿ ಆಗುವಂಥದ್ದಲ್ಲ.

ಹಿರಿಯರ ದಿನನಿತ್ಯದ ಕೆಲಸಗಳನ್ನು ರಕ್ತದೊತ್ತಡದಂತೆಯೇ ಅಳೆದು ಬರೆದಿಡಬೇಕು ಎಂದು ತೋರಿಸಿಕೊಟ್ಟವರಲ್ಲಿ ಮುಖ್ಯರು ಅಮೆರಿಕದ ಕ್ಲೀವ್‌ಲ್ಯಾಂಡ್‌ನ ವೈದ್ಯ ಸಿಡ್ನಿ ಕಾಟ್ಜ್. ಸೊಂಟದ ಮೂಳೆ ಮುರಿದುಕೊಂಡ ವೃದ್ಧರನ್ನು ಗಮನಿಸುತ್ತ ಅವರು ಆರು ಕೆಲಸಗಳನ್ನು ಆರಿಸಿಕೊಂಡರು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಮೇಲಿನ ಹಿಡಿತ, ಊಟ. 1963ರಲ್ಲಿ ಪ್ರಕಟವಾದ ಆ ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಚೇತರಿಸಿಕೊಳ್ಳುವವರಲ್ಲಿ ಊಟ ಮೊದಲು ಕೈಗೆ ಬರುತ್ತದೆ, ಸ್ನಾನ ಕೊನೆಗೆ. ಶಕ್ತಿ ಕುಂದುವಾಗ ಸ್ನಾನವೇ ಮೊದಲು ಕೈತಪ್ಪುತ್ತದೆ ಎಂಬುದನ್ನೂ ಕಾಟ್ಜ್ ಕಂಡುಕೊಂಡರು. ‘ಈಚೆಗೆ ಅಮ್ಮ ಸ್ನಾನಕ್ಕೆ ಬೇಸರ ಮಾಡ್ತಾರೆ’ ಎಂದು ಮನೆಯವರು ಹೇಳಿದರೆ ಡಾಕ್ಟರು ಕಿವಿಗೊಡಬೇಕಾದದ್ದು ಈ ಕಾರಣಕ್ಕೆ. ನಮ್ಮಲ್ಲಿ ಆ ಪಟ್ಟಿಗೆ ಇನ್ನೊಂದನ್ನು ಸೇರಿಸಬೇಕು: ಕುಕ್ಕರಗಾಲಲ್ಲಿ ಕೂತು ಏಳುವುದು. ಹಳ್ಳಿಮನೆಯ ಕಕ್ಕಸಿನಲ್ಲಿ ತೊಡೆಗೆ ಬಲವಿಲ್ಲದವರಿಗೆ ಬೇರೆ ದಾರಿಯೇ ಇಲ್ಲ.

ಆಸ್ಪತ್ರೆ ಸೇರಿದ 70 ದಾಟಿದವರನ್ನು ಗಮನಿಸಿದ, 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಕಾಯಿಲೆಗೆ ಮುಂಚೆ ಮಾಡುತ್ತಿದ್ದ ಕೆಲಸಗಳಲ್ಲಿ ಒಂದನ್ನಾದರೂ ಕಳೆದುಕೊಂಡು ಮನೆಗೆ ಮರಳಿದವರು ಶೇ. 35. ಇದಕ್ಕೆ ಕಾಯಿಲೆಯಷ್ಟೇ ಕಾರಣವಲ್ಲ, ಹಾಸಿಗೆಯೂ ಕಾರಣ. ಯಾವ ಕಾಯಿಲೆಯೂ ಇಲ್ಲದ ಹಿರಿಯರನ್ನು 10 ದಿನ ಮಲಗಿಸಿಯೇ ಇಟ್ಟು ನೋಡಿದ ಪ್ರಯೋಗದ ಫಲ 2007ರಲ್ಲಿ ಪ್ರಕಟವಾಯಿತು. ಅವರ ಕಾಲುಗಳಿಂದಲೇ ಸುಮಾರು ಒಂದು ಕೆ.ಜಿ. ಮಾಂಸಖಂಡ ಕರಗಿತ್ತು. ಇನ್ನು ಕಿಡ್ನಿ ಕೆಟ್ಟವರಲ್ಲಿ ಈ ಕರಗುವಿಕೆಗೆ ಒತ್ತಾಸೆಯಾಗಿ ಹಲವು ಸಂಗತಿಗಳು ನಿಲ್ಲುತ್ತವೆ. ರಕ್ತದಲ್ಲಿ ಆಮ್ಲ ಹೆಚ್ಚಿ ಸ್ನಾಯು ಒಡೆಯುತ್ತದೆ, ಊಟ ಸೇರುವುದಿಲ್ಲ. ಕಾಯಿಲೆ ಹಳೆಯದಾಗಿದ್ದರೆ ರಕ್ತ ಉತ್ಪತ್ತಿಗೆ ಬೇಕಾದ ಹಾರ್ಮೋನನ್ನು ಕಿಡ್ನಿ ಸಾಕಷ್ಟು ತಯಾರಿಸದೆ ರಕ್ತಹೀನತೆಯೂ ಜೊತೆಗೂಡುತ್ತದೆ.

ಇಲ್ಲಿ ಕ್ರಿಯಾಟಿನಿನ್ ಎಂಬ ಅಂಕಿಯನ್ನೇ ಹತ್ತಿರದಿಂದ ನೋಡಬೇಕು. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಲ್ಲಿ. ಕಿಡ್ನಿ ಅದನ್ನು ಹೊರಹಾಕುತ್ತದೆ. ಸ್ನಾಯು ಕಡಿಮೆಯಿದ್ದರೆ ಕ್ರಿಯಾಟಿನಿನ್ ಹುಟ್ಟುವುದೂ ಕಡಿಮೆ. ವಯಸ್ಸು, ತೂಕ ಸೇರಿಸಿ ಕಿಡ್ನಿಯ ಸಾಮರ್ಥ್ಯ ಅಂದಾಜಿಸುವ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ 1976ರದು. ಔಷಧದ ಪ್ರಮಾಣ ನಿರ್ಧರಿಸಲು ಈಗಲೂ ಬಳಸುತ್ತಾರೆ. 140ರಲ್ಲಿ ವಯಸ್ಸು ಕಳೆದು, ತೂಕದಿಂದ ಗುಣಿಸಿ, ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಬೇಕು. ಹೆಂಗಸರಾದರೆ ಬಂದದ್ದನ್ನು 0.85ರಿಂದ ಗುಣಿಸಬೇಕು. ಕ್ರಿಯಾಟಿನಿನ್ 1.2 ಇರುವ, 65 ಕೆ.ಜಿ. ತೂಕದ 30ರ ಯುವಕನಿಗೆ ಲೆಕ್ಕ ಹಾಕಿ: ನಿಮಿಷಕ್ಕೆ ಸುಮಾರು 83 ಮಿ.ಲೀ. ಅದೇ 1.2 ಇರುವ, 45 ಕೆ.ಜಿ. ತೂಕದ 80ರ ಅಜ್ಜಿಗೆ ಹಾಕಿ: ಸುಮಾರು 27. ಇಬ್ಬರ ರಿಪೋರ್ಟಿನಲ್ಲೂ ಕ್ರಿಯಾಟಿನಿನ್ ಒಂದೇ, ಕಿಡ್ನಿ ಒಂದೇ ಅಲ್ಲ. ಈಗ ಲ್ಯಾಬ್‌ಗಳು ಬಳಸುವ ಸೂತ್ರಗಳು ಬೇರೆ. ಅವು ತೂಕ ಕೇಳುವುದಿಲ್ಲ, ಸಣಕಲು ದೇಹದ ಹಿರಿಯರಲ್ಲಿ ಅಂಕಿ ಇನ್ನಷ್ಟು ಹೆಚ್ಚು ಬರಬಹುದು.

ಮೇಲೆ ಹೇಳಿದ ವಾರವನ್ನು ಈಗ ಮತ್ತೆ ಓದಿ. ಮಲಗಿದ್ದಲ್ಲೇ ಮಲಗಿ, ಗಂಜಿ ಕುಡಿದು ಕಳೆದ ದಿನಗಳಲ್ಲಿ ಸ್ನಾಯು ಕರಗಿದೆ. 3ರಿಂದ 1.2ಕ್ಕೆ ಇಳಿದದ್ದರಲ್ಲಿ ಕಿಡ್ನಿ ಸುಧಾರಿಸಿದ್ದರ ಪಾಲೂ ಇದೆ, ಮೈ ಇಳಿದದ್ದರ ಪಾಲೂ ಇದೆ. ನಾವು ಚೇತರಿಕೆ ಎಂದು ಸಂತೋಷಪಟ್ಟ ಅಂಕಿಯ ಒಂದಂಶ ನಷ್ಟದ ಲೆಕ್ಕವೇ ಆಗಿರಬಹುದು. ಸ್ನಾಯುವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್-ಸಿ ಎಂಬ ರಕ್ತ ಪರೀಕ್ಷೆ ಇದೆ. ಖರ್ಚು ಹೆಚ್ಚು, ಎಲ್ಲ ಕಡೆ ಸಿಗುವುದೂ ಇಲ್ಲ. ಆದರೆ ತೀರಾ ಸೊರಗಿದವರಿಗೆ ಕೇಳಿ ಮಾಡಿಸುವುದು ಒಳ್ಳೆಯದು.

ಇದರ ಪರಿಣಾಮ ಔಷಧಗಳಲ್ಲಿ ಕಾಣುತ್ತದೆ. ಸಕ್ಕರೆ ಕಾಯಿಲೆಯವರಿಗೆ ಪಾದದ ಉರಿಗೆಂದು ಕೊಡುವ ಪ್ರೆಗಾಬಲಿನ್ ಬಹುಪಾಲು ಕಿಡ್ನಿಯಿಂದಲೇ ಹೊರಹೋಗಬೇಕು. ಕಿಡ್ನಿ ಕುಂದಿದವರಿಗೆ ಮಾಮೂಲಿ ಪ್ರಮಾಣ ಕೊಟ್ಟರೆ ಅದು ಮೈಯಲ್ಲಿ ಉಳಿದು ಮಂಪರು ತರುತ್ತದೆ, ನಡಿಗೆ ತೂರಾಡುತ್ತದೆ. ಸ್ನಾಯು ಸಡಿಲಿಸುವ ಬ್ಯಾಕ್ಲೊಫೆನ್‌ನದೂ ಇದೇ ಕಥೆ. ಮನೆಯವರು ಮಂಪರನ್ನು ಸುಸ್ತು ಎಂದುಕೊಳ್ಳುತ್ತಾರೆ, ಎಬ್ಬಿಸುವುದಿಲ್ಲ. ಇನ್ನು ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಳ್ಳುವ ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್ ಮಾತ್ರೆಗಳು. ಬಿ.ಪಿ.ಗೆ ಟೆಲ್ಮಿಸಾರ್ಟನ್‌ನಂಥದ್ದು ಮತ್ತು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇವನ್ನೂ ನುಂಗಿ, ಅದೇ ಹೊತ್ತಿಗೆ ಭೇದಿಯಿಂದ ಮೈಯ ನೀರೂ ಹೋದರೆ ಕಿಡ್ನಿಗೆ ಏಟು ಬೀಳುವುದು ತೀರಾ ಸುಲಭ.

ಕಾಲು ಸೋತರೆ ಕಿಡ್ನಿಯೂ ಸೋಲುತ್ತದೆ ಎಂಬುದನ್ನು ಮನೆಯಲ್ಲೇ ಕಾಣಬಹುದು. ರಾತ್ರಿ ಎದ್ದು ಹೋಗುವುದು ಕಷ್ಟ, ಸೊಸೆಯನ್ನು ಎಬ್ಬಿಸಲು ಸಂಕೋಚ. ಹಾಗಾಗಿ ಅಜ್ಜಿ ಸಂಜೆಯಿಂದಲೇ ನೀರು ಬಿಡುತ್ತಾರೆ. ಬೇಸಿಗೆಯಲ್ಲಿ ಇದೊಂದೇ ಸಾಕು, ಮತ್ತೆ ಆಸ್ಪತ್ರೆ ಸೇರಲು. ಹಾಸಿಗೆಯ ಪಕ್ಕದಲ್ಲೊಂದು ಕಮೋಡ್ ಕುರ್ಚಿ ಇಡುವುದು ಕಿಡ್ನಿಯ ಚಿಕಿತ್ಸೆಯೇ ಎಂದು ನಾನು ತಿಳಿಯುತ್ತೇನೆ.

ವಾರ್ಡಿನಲ್ಲಿ ಮೂತ್ರದ ಪೈಪಿನ ಬಗ್ಗೆಯೂ ಎಚ್ಚರ ಬೇಕು. ಮೊದಲ ದಿನಗಳಲ್ಲಿ ಮೂತ್ರ ಎಷ್ಟಾಗುತ್ತಿದೆ ಎಂದು ತಿಳಿಯಲು ಅದು ಬೇಕಾಗಬಹುದು. ಪ್ರಾಸ್ಟೇಟ್ ಊದಿ ಮೂತ್ರ ಕಟ್ಟಿದ ಗಂಡಸರಿಗೆ ಪೈಪೇ ಚಿಕಿತ್ಸೆ. ಆದರೆ ಕೆಲಸ ಮುಗಿದ ಮೇಲೂ ಅದು ಉಳಿದರೆ ಸೋಂಕು ತರುತ್ತದೆ, ರೋಗಿಯನ್ನು ಮಂಚಕ್ಕೆ ಕಟ್ಟಿಹಾಕುತ್ತದೆ. ‘ಇವತ್ತೂ ಬೇಕಾ ಡಾಕ್ಟರೇ?’ ಎಂದು ಪ್ರತಿದಿನ ರೌಂಡ್ಸ್ ಹೊತ್ತಿಗೆ ಕೇಳಿದರೆ ತಪ್ಪಿಲ್ಲ.

ಊಟದ ವಿಷಯದಲ್ಲಿ ನಮ್ಮವರ ಭಯ ದೊಡ್ಡದು. ಕಿಡ್ನಿ ಎಂದ ಕೂಡಲೇ ಬೇಳೆ, ಮೊಟ್ಟೆ, ಮೊಸರು ಎಲ್ಲ ಬಂದ್. ದೀರ್ಘಕಾಲದ ಕಿಡ್ನಿ ಕಾಯಿಲೆಯಲ್ಲಿ ಪ್ರೋಟೀನ್‌ಗೆ ಮಿತಿ ಇರುವುದು ನಿಜ, ತೂಕದ ಕೆ.ಜಿ.ಗೆ ದಿನಕ್ಕೆ 0.8 ಗ್ರಾಂ ಎಂಬುದು ಸಾಮಾನ್ಯ ಸಲಹೆ. ಆದರೆ ಮೈಸೋತ ಹಿರಿಯರಿಗೆ ಪ್ರೋಟೀನನ್ನೂ ಕ್ಯಾಲೊರಿಯನ್ನೂ ಹೆಚ್ಚಿಸುವುದನ್ನು ಪರಿಗಣಿಸಿ ಎಂದು ಕೆಡಿಗೋ ಸಂಸ್ಥೆಯ 2024ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಬರೀ ಗಂಜಿಯಿಂದ ಬಿದ್ದ ಸ್ನಾಯು ಏಳುವುದಿಲ್ಲ. ಹಾಗೆಂದು ಮಾತ್ರೆಯಿಂದಲೂ ಏಳುವುದಿಲ್ಲ. ಆಮ್ಲ ತಗ್ಗಿಸುವ ಸೋಡಾಬೈಕಾರ್ಬ್ ಮಾತ್ರೆಯಿಂದ ಹಿರಿಯ ಕಿಡ್ನಿ ರೋಗಿಗಳ ದೈಹಿಕ ಶಕ್ತಿ ಸುಧಾರಿಸೀತೇ ಎಂದು ಬ್ರಿಟನ್‌ನಲ್ಲಿ ಪರೀಕ್ಷಿಸಿದರು. 2020ರಲ್ಲಿ ಬಂದ ಉತ್ತರ: ಸುಧಾರಿಸಲಿಲ್ಲ.

ಸುಧಾರಿಸಿದ್ದು ಎದ್ದು ನಡೆಯುವುದರಿಂದ. ಸ್ಪೇನಿನ ಪಾಂಪ್ಲೋನಾದಲ್ಲಿ ಆಸ್ಪತ್ರೆ ಸೇರಿದ 75 ದಾಟಿದ 370 ಮಂದಿಯನ್ನು ಎರಡು ಗುಂಪು ಮಾಡಿದರು. ಅವರೆಲ್ಲ ಕಿಡ್ನಿ ರೋಗಿಗಳಲ್ಲ, ಬೇರೆಬೇರೆ ಕಾಯಿಲೆಯವರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆ ಬೆಳಿಗ್ಗೆ ಸಂಜೆ ವ್ಯಾಯಾಮ: ಕುರ್ಚಿಯಿಂದ ಎದ್ದು ಕೂರುವುದು, ತೊಡೆಗೆ ಹದವಾದ ಭಾರ, ನಡಿಗೆ. ದಿನನಿತ್ಯದ ಕೆಲಸಗಳಿಗೆ 100ಕ್ಕೆ ಅಂಕ ಕೊಡುವ ಬಾರ್ತೆಲ್ ಮಾಪನದಲ್ಲಿ ಮಾಮೂಲಿ ಗುಂಪು ಮನೆಗೆ ಹೋಗುವ ಹೊತ್ತಿಗೆ ಸರಾಸರಿ 5 ಅಂಕ ಕಳೆದುಕೊಂಡಿತ್ತು. ವ್ಯಾಯಾಮದ ಗುಂಪು 1.9 ಗಳಿಸಿತ್ತು. ಇದಕ್ಕೆ ಬೇಕಾದದ್ದು ದುಬಾರಿ ಯಂತ್ರವಲ್ಲ, ಜೊತೆಗೆ ನಿಲ್ಲುವ ತಿಳಿದ ಮನುಷ್ಯರು. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಮನೆಯವರೊಬ್ಬರು ಇದ್ದೇ ಇರುತ್ತಾರೆ. ಅವರಿಗೆ ಹೇಗೆ ಎಬ್ಬಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ಫಿಸಿಯೊಥೆರಪಿಸ್ಟ್ ಒಮ್ಮೆ ತೋರಿಸಿಕೊಟ್ಟರೆ ಅರ್ಧ ಕೆಲಸ ಆದಂತೆ.

ಡಯಾಲಿಸಿಸ್ ಶುರು ಮಾಡಬೇಕೇ ಎಂಬ ಪ್ರಶ್ನೆ ಎದುರಾದಾಗಲೂ ದಿನನಿತ್ಯದ ಕೆಲಸಗಳ ಶಕ್ತಿಯ ಬಗ್ಗೆ ಮಾತು ನಡೆಯಬೇಕು. 1945ರಲ್ಲಿ ನೆದರ್ಲೆಂಡ್ಸ್‌ನ ಕಾಂಪೆನ್‌ನಲ್ಲಿ ವಿಲೆಮ್ ಕೋಲ್ಫ್ ಅವರ ಕೃತಕ ಕಿಡ್ನಿಯಿಂದ ಬದುಕುಳಿದ ಮೊದಲಿಗರು 67 ವರ್ಷದ ಹೆಂಗಸು. ವಯಸ್ಸೊಂದನ್ನೇ ನೋಡಿ ಡಯಾಲಿಸಿಸ್ ಬೇಡ ಎನ್ನುವಂತಿಲ್ಲ. ಆದರೆ ಅವರದು ತಟಕ್ಕನೆ ಕೈಕೊಟ್ಟು ಮತ್ತೆ ಚೇತರಿಸಿದ ಕಿಡ್ನಿ. ವರ್ಷಗಳಿಂದ ಕುಂದುತ್ತ ಬಂದ ಕಿಡ್ನಿಯ ವಿಷಯ ಬೇರೆ. ಅಮೆರಿಕದ ನರ್ಸಿಂಗ್ ಹೋಂಗಳಲ್ಲಿದ್ದು ಡಯಾಲಿಸಿಸ್ ಆರಂಭಿಸಿದ 3,702 ಮಂದಿಯ ಲೆಕ್ಕ 2009ರಲ್ಲಿ ಬಂತು: ವರ್ಷದೊಳಗೆ ಶೇ. 58 ಮಂದಿ ತೀರಿಕೊಂಡಿದ್ದರು, ಮೊದಲಿನಷ್ಟೇ ಕೆಲಸ ಮಾಡಿಕೊಳ್ಳುವ ಶಕ್ತಿ ಉಳಿಸಿಕೊಂಡವರು ಶೇ. 13. ಅವರು ಆಗಲೇ ಬಹಳ ಸೋತಿದ್ದವರು. ಓಡಾಡಿಕೊಂಡಿರುವ ಹಿರಿಯರಿಗೆ ಈ ಅಂಕಿ ಹಚ್ಚಬಾರದು. 2016ರಲ್ಲಿ ಘೋಷಣೆಯಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಬಡವರ ಹಣದ ಹೊರೆ ಇಳಿದಿದೆ. ಇಳಿಯದಿರುವುದು ವಾರಕ್ಕೆ ಎರಡು ಮೂರು ಸಲ ಹೋಗಿ ಬಂದು, ನಾಲ್ಕು ಗಂಟೆ ಮಲಗಿ, ಆ ಇಡೀ ದಿನ ಎದ್ದೇಳಲಾಗದ ಸುಸ್ತು. ಡಯಾಲಿಸಿಸ್ ಇಲ್ಲದೆ ಉಬ್ಬಸ, ತುರಿಕೆ, ನೋವನ್ನು ಹತೋಟಿಯಲ್ಲಿಡುವ ಆರೈಕೆಯೂ ಒಂದು ಚಿಕಿತ್ಸೆ. ಅದನ್ನು ರೋಗಿಯ ಮುಂದೆಯೇ, ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು. ಹೊರಗೆ ಕಾರಿಡಾರಿನಲ್ಲಿ ಮಗನಿಗೊಬ್ಬನಿಗೇ ಹೇಳಿ ಮುಗಿಸಬಾರದು.

ತಟಕ್ಕನೆ ಕಿಡ್ನಿ ಕೈಕೊಟ್ಟು ಚೇತರಿಸಿಕೊಂಡವರನ್ನು ಮೂರು ತಿಂಗಳಿಗೆ ಮತ್ತೆ ಪರೀಕ್ಷಿಸಬೇಕು ಎಂಬ ನಿಯಮವಿದೆ. ಬಹಳ ಮನೆಗಳಲ್ಲಿ ಅದು ಮರೆತೇ ಹೋಗುತ್ತದೆ. ನಿಲ್ಲಿಸಿದ್ದ ಬಿ.ಪಿ. ಮಾತ್ರೆ ಮತ್ತೆ ಶುರು ಮಾಡಬೇಕೇ, ಯಾವ ನೋವಿನ ಮಾತ್ರೆ ಇನ್ನು ಮುಟ್ಟಬಾರದು ಎಂದು ಡಿಸ್ಚಾರ್ಜ್ ದಿನವೇ ಬರೆಸಿಕೊಳ್ಳಿ. ಮೂರು ತಿಂಗಳಿಗೆ ರಕ್ತ, ಮೂತ್ರ ಕೊಡಲು ಹೋದಾಗ ಡಾಕ್ಟರ ಮುಂದೆಯೇ ಅವರನ್ನು ಕೈ ಊರದೆ ಕುರ್ಚಿಯಿಂದ ಐದು ಸಲ ಏಳಲು ಹೇಳಿ, ಎಷ್ಟು ಸೆಕೆಂಡ್ ಹಿಡಿಯಿತು ಎಂಬುದನ್ನು ಕ್ರಿಯಾಟಿನಿನ್ ಪಕ್ಕದಲ್ಲೇ ಬರೆಯಲು ಕೇಳಿ.