ಗಂಟೆಗೆ ಎಷ್ಟು ಗಂಟು?

ಬೆಳಗಾವಿ ಜಿಲ್ಲೆಯವರಿಗೆ ಸೈನ್ಯ ಹೊಸದಲ್ಲ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರ, ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ. ನೌಕಾಪಡೆ ಮಾತ್ರ ಘಟ್ಟದ ಆಚೆ ಉಳಿಯಿತು. ರಾಮದುರ್ಗದ ಮಲಪ್ರಭೆಯೂ ಕಣಕುಂಬಿಯಲ್ಲಿ ಹುಟ್ಟಿ, ಪಕ್ಕದ ಅರಬ್ಬಿ ಸಮುದ್ರವನ್ನು ಬಿಟ್ಟು ಪೂರ್ವಕ್ಕೆ ಕೃಷ್ಣೆಯ ಕಡೆ ಹರಿದವಳು. ಹೀಗಾಗಿ ಇಲ್ಲಿ ನೇವಿಯ ಮಾತು ಬಂದರೆ ಸಿನಿಮಾದ ಕಥೆಯೇ ಹೆಚ್ಚು.

"ಮಗ ಐಎನ್‌ಎಸ್ ಚಿಲ್ಕಾದಾಗ ಅದಾನ್ರಿ" ಅಂದರೆ ಮುಂದಿನ ಪ್ರಶ್ನೆ ಸಿದ್ಧ: "ಹಡಗ ಈಗ ಎಲ್ಲಿಗೆ ಬಂತ್ರಿ?" ಅದು ಎಲ್ಲಿಗೂ ಬರುವುದಿಲ್ಲ. ಚಿಲ್ಕಾ ಒಡಿಶಾದ ಸರೋವರದ ಬದಿಯಲ್ಲಿರುವ ತರಬೇತಿ ಕೇಂದ್ರ. ನೌಕಾಪಡೆ ದಡದ ನೆಲೆಗೂ ಹಡಗಿನಂತೆಯೇ ಹೆಸರಿಡುತ್ತದೆ. ಗೇಟು ದಾಟಿ ಪೇಟೆಗೆ ಹೋದರೂ 'ದಡಕ್ಕೆ ಹೋದ' ಎಂದೇ ಲೆಕ್ಕ. 2005ರ ಮೇ 31ರಂದು ಆರಂಭವಾದ ಕಾರವಾರದ ಐಎನ್‌ಎಸ್ ಕದಂಬವೂ ನೆಲೆಯೇ. ಐಎನ್‌ಎಸ್ ಮೈಸೂರು ಮಾತ್ರ ನಿಜವಾದ ಹಡಗು. 1957ರಲ್ಲಿ ಆ ಹೆಸರಿನ ಮೊದಲನೆಯದು ಸೇರಿತು, 1999ರಲ್ಲಿ ಈಗಿನದು. ಅದರ ಲಾಂಛನದಲ್ಲಿ ಗಂಡಭೇರುಂಡ ಇದೆ.

"ಈಜಾಕ ಬರೂದಿಲ್ಲ, ನೇವಿಗೆ ಹೆಂಗ ಹೋಗ್ಲಿ?" ಎಂದು ಹಿಂಜರಿಯುವ ಹುಡುಗರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ. ಭರ್ತಿಯಲ್ಲಿ ಈಜು ಕೇಳುವುದಿಲ್ಲ. ಸೇರಿದ ಮೇಲೆ ಕಲಿಸುತ್ತಾರೆ. ಅಲ್ಲಿ ಕೇಳುವುದು ಓಟ, ಬಸ್ಕಿ, ದಂಡ. ಗರಡಿಮನೆ ಕಂಡ ನಮ್ಮ ಊರುಗಳಿಗೆ ಇದೇನು ದೊಡ್ಡದು? ಸಮುದ್ರಕ್ಕಿಳಿದರೆ ವಾಂತಿಯಾಗುತ್ತದೆಂಬ ಭಯವೂ ಬೇಡ. 1805ರ ಟ್ರಫಾಲ್ಗರ್ ಕದನ ಗೆದ್ದ ಬ್ರಿಟಿಷ್ ಅಡ್ಮಿರಲ್ ನೆಲ್ಸನ್‌ಗೇ ಕಡಲ ಹೊಯ್ದಾಟಕ್ಕೆ ಹೊಟ್ಟೆ ತೊಳಸುತ್ತಿತ್ತು.

ಹುದ್ದೆಯ ಗೊಂದಲವೂ ಉಂಟು. ಸೈನ್ಯದ ಕ್ಯಾಪ್ಟನ್, ನೇವಿಯ ಕ್ಯಾಪ್ಟನ್ ಒಂದೇ ಅಲ್ಲ. ನೇವಿಯ ಕ್ಯಾಪ್ಟನ್ ಸೈನ್ಯದ ಕರ್ನಲ್‌ಗೆ ಸಮ. ಸೈನ್ಯದ ಕ್ಯಾಪ್ಟನ್‌ಗೆ ಸಮನಾದವನು ನೇವಿಯ ಲೆಫ್ಟಿನೆಂಟ್. ವರನ ವಿಚಾರಣೆಗೆ ಹೋಗುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಇನ್ನು ನನಗೆ ಬಲು ಇಷ್ಟವಾದ ವಿಷಯ. ಹಡಗು 'ಗಂಟೆಗೆ 30 ನಾಟ್' ಓಡುತ್ತದೆ ಎನ್ನುತ್ತಾರೆ. ತಪ್ಪು. ನಾಟ್ ಎಂದರೆ ಗಂಟು, ಗಂಟೆ ಆ ಗಂಟಿನೊಳಗೇ ಇದೆ! ಒಂದು ನಾಟ್ ಎಂದರೇ ಗಂಟೆಗೆ 1.852 ಕಿ.ಮೀ. ವೇಗ, 30 ನಾಟ್ ಅಂದರೆ ಸುಮಾರು 56 ಕಿ.ಮೀ. ಹಾಯಿಹಡಗಿನ ಕಾಲದಲ್ಲಿ ಹಗ್ಗದ ತುದಿಗೆ ಮರದ ಹಲಗೆ ಕಟ್ಟಿ ಹಿಂದಕ್ಕೆ ನೀರಿಗೆ ಎಸೆಯುತ್ತಿದ್ದರು. ಹಲಗೆ ನೀರಲ್ಲಿ ನಿಂತರೆ ಹಡಗು ಮುಂದೆ ಸಾಗುತ್ತಿತ್ತು, ಹಗ್ಗ ಸರ್ರನೆ ಬಿಚ್ಚಿಕೊಳ್ಳುತ್ತಿತ್ತು. ಸುಮಾರು 14.4 ಮೀಟರಿಗೊಂದು ಗಂಟು. 28 ಸೆಕೆಂಡಿನ ಮರಳುಗಡಿಯಾರ ಖಾಲಿಯಾಗುವಷ್ಟರಲ್ಲಿ ನಾವಿಕನ ಬೆರಳ ಸಂದಿಯಲ್ಲಿ ಎಷ್ಟು ಗಂಟು ಜಾರಿದವೋ ಅಷ್ಟೇ ವೇಗ.

ಗಂಟು ಬಿಡಿಸಿದೆವು, ಗಂಟೆ ಬಾಕಿ ಇದೆ. ಹಡಗಿನಲ್ಲಿ ಎಂಟು ಗಂಟೆ ಹೊಡೆಯಿತು ಎಂದರೆ ಸಮಯ ಎಂಟೇ ಆಗಬೇಕಿಲ್ಲ. ಕಾವಲು ನಾಲ್ಕು ತಾಸಿನದು, ಅರ್ಧ ತಾಸಿಗೊಮ್ಮೆ ಒಂದೊಂದು ಏಟು ಹೆಚ್ಚುತ್ತದೆ. ಮಧ್ಯಾಹ್ನ ಹನ್ನೆರಡೂವರೆಗೆ ಒಂದು ಗಂಟೆ, ಒಂದಕ್ಕೆ ಎರಡು ಗಂಟೆ, ಎರಡಕ್ಕೆ ನಾಲ್ಕು ಗಂಟೆ, ನಾಲ್ಕಕ್ಕೆ ಎಂಟು ಗಂಟೆ. ಈ ಲೆಕ್ಕ ನಮ್ಮ ಭಾಷೆಯಲ್ಲಿ ಹೇಳಿದಷ್ಟು ಮಜಾ ಬೇರೆಲ್ಲೂ ಬರಲಿಕ್ಕಿಲ್ಲ.

ಕೊನೆಯದು, "ನೇವಿ ಗಂಡ್ಮಕ್ಕಳ ನೌಕರಿ" ಎಂಬ ಮಾತು. 2023ರ ಮಾರ್ಚ್‌ನಲ್ಲಿ ಅದೇ ಚಿಲ್ಕಾದಿಂದ ತರಬೇತಿ ಮುಗಿಸಿ ಹೊರಬಂದ ಮೊದಲ ಅಗ್ನಿವೀರರ ತಂಡದಲ್ಲಿ 250ಕ್ಕೂ ಹೆಚ್ಚು ಹೆಣ್ಣುಮಕ್ಕಳಿದ್ದರು.